ತಮ್ಮ ಮೇಲೇ ಸತ್ಯಾಗ್ರಹ ಹೂಡಿದ ಮಂತ್ರಿ

ನನ್ನ ಸೋದರಮಾವ ಮಂತ್ರಿಯಾಗಿದ್ದರು ಎಂದರೆ ನೀವು ನಂಬುತ್ತೀರಿ. ಅವರು ತಮ್ಮ ಮೇಲೆ ತಾವೇ ಸತ್ಯಾಗ್ರಹ ಮಾಡಿದರು ಎಂದರೆ ನಂಬುವುದಿಲ್ಲ. ನಂಬದಿದ್ದರೆ ನಷ್ಟ ನಿಮಗೇ!

ಮಾವನದು ನಂಗಲಿ ಹತ್ತಿರದ ಹಳ್ಳಿ. "ಯಾಕೆ?" ಅನ್ನುವುದು ಅವರ ಹುಟ್ಟುಗುಣ. ಹಸೆಮಣೆಯ ಮೇಲೆ ಪುರೋಹಿತರು "ಆ ಕಡೆ ತಿರುಗಿ" ಎಂದಾಗಲೂ "ಯಾಕೆ?" ಎಂದರಂತೆ. ಪುರೋಹಿತರು ಶಾಸ್ತ್ರದಲ್ಲಿ ಉತ್ತರ ಹುಡುಕುತ್ತಿದ್ದಂತೆ ಮುಹೂರ್ತ ಜಾರತೊಡಗಿತು. ಆಗ ಮದುಮಗಳು, ಅಂದರೆ ನಮ್ಮ ಅತ್ತೆ, ಮೆಲ್ಲಗೆ "ಈ ಕಡೆ ಹೊಗೆ ಬರ್ತಾ ಐತೆ" ಎಂದರು. ಮಾವ ತಟಕ್ಕನೆ ತಿರುಗಿದರು! ಅವರನ್ನು ಗೆದ್ದದ್ದು ಈ ಲೋಕದಲ್ಲಿ ಅತ್ತೆ ಒಬ್ಬರೇ.

ಇಂಥವರು ರಾಜಕೀಯಕ್ಕಲ್ಲದೆ ಇನ್ನೆಲ್ಲಿಗೆ ಹೋದಾರು? ಮೊದಲು ಮುಳಬಾಗಿಲಿನ ತಾಲ್ಲೂಕು ಬೋರ್ಡು, ಆಮೇಲೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆ. ಅಲ್ಲಿ ನಮ್ಮ ಕಡೆಯ ಕೆರೆಗಳ ಬಗ್ಗೆ ಕೇಳಿದ್ದಕ್ಕೆ "ಯೋಚಿಸಲಾಗುವುದು" ಎಂದು ಉತ್ತರ ಬಂತು.

"ಯೋಚನೆ ಎಷ್ಟೊತ್ತಿಗೆ ಮುಗೀತದೆ ಸ್ವಾಮಿ? ಇಲ್ಲೇ ಕಾಯ್ತೀನಿ" ಎಂದು ಮಾವ ಕೂತೇಬಿಟ್ಟರು. ಎಲ್ಲರೂ ಹೋದರು, ಇವರು ಏಳಲಿಲ್ಲ. ಕೊನೆಗೆ ಬಾಗಿಲು ಹಾಕಲು ಬಂದ ಜವಾನ "ಬುದ್ಧೀ, ನಂಗೂ ಹೆಂಡ್ತಿ ಮಕ್ಕಳು ಅವ್ರೆ" ಎಂದು ಕೈಮುಗಿದ ಮೇಲೆ ಎದ್ದರಂತೆ.

ಚಳವಳಿಯಲ್ಲಿ ಜೈಲಿಗೂ ಹೋಗಿ ಬಂದರು. ಸ್ವಾತಂತ್ರ್ಯ ಬಂತು. ನೋಡಿ ವಿಧಿಯ ಆಟ, ಮಾವನನ್ನೇ ಮಂತ್ರಿ ಮಾಡಿಬಿಟ್ಟರು! ಇನ್ನು ವಿರೋಧಿಸುವುದು ಯಾರನ್ನು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಶ್ರೀನಿವಾಸಪುರದಲ್ಲಿ. ಮಾವಿನ ಸುಗ್ಗಿ. ಮಾವನ ಕಾರಿನಲ್ಲಿ ನಾನೂ ಇದ್ದೆ. ಬಸ್ಸಿನ ರಸ್ತೆಗೆ ಎತ್ತಿನ ಗಾಡಿ ಇಳಿಯಕೂಡದೆಂದು ಹೊಸ ಆಜ್ಞೆಯಾಗಿ, ಗಾಡಿಗಳಲ್ಲೇ ಹಣ್ಣು ಕೊಳೆಯುತ್ತಿತ್ತು. ರೈತರು ರಸ್ತೆಗೆ ಅಡ್ಡ ಕೂತು "ಮಂತ್ರಿಗೆ ಧಿಕ್ಕಾರ!" ಎಂದು ಕೂಗುತ್ತಿದ್ದರು.

ಮಾವ ಇಳಿದು ಎಲ್ಲ ಕೇಳಿಸಿಕೊಂಡರು. ಕೊಳೆತ ಹಣ್ಣೊಂದನ್ನು ಮೂಸಿದರು. ಮುಖ ಕೆಂಪಾಯಿತು. "ಅನ್ಯಾಯ ಕಣ್ರೋ! ಒಸಿ ಜರುಗ್ರೋ" ಎಂದು ರೈತರ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು.

ಜೊತೆಗಿದ್ದ ತಾಲ್ಲೂಕಿನ ಅಮಲ್ದಾರರು ಬೆವರೊರೆಸಿಕೊಂಡು, "ಸ್ವಾಮಿ, ಆಜ್ಞೆ ತಮ್ಮದೇ" ಎಂದು ಪಿಸುಗುಟ್ಟಿದರು.

"ಅದಕ್ಕೇ ಕೂತಿರೋದು! ಬೇರೆಯವರದ್ದಾಗಿದ್ರೆ ಬಯ್ದು ಹೋಗ್ತಿದ್ದೆ."

ಅಲ್ಲೇ ಆಜ್ಞೆ ರದ್ದಾಯಿತು. ರೈತರಿಗೆ ಕೈಮುಗಿದು "ತಪ್ಪು ನಂದು" ಎಂದರು. ಗಾಡಿಗಳು ಗಡಗಡನೆ ಹೊರಟವು.

ಆದರೆ ಬೆಂಗಳೂರಿನಲ್ಲಿ ಸಂಪುಟದವರಿಗೆ ಇದು ರುಚಿಸಲಿಲ್ಲ. ಕ್ಷಮೆ ಕೇಳಿದರೆ ಕುರ್ಚಿ ಉಳಿಯುತ್ತದೆ ಎಂದು ಹೇಳಿಕಳಿಸಿದರು. ಮಾವ ನಕ್ಕರು: "ತಪ್ಪು ಮಾಡಿದ್ದಕ್ಕೆ ಜನರ ಹತ್ರ ಕೇಳಿದ್ದಾಯ್ತು. ತಿದ್ದಿಕೊಂಡಿದ್ದಕ್ಕೂ ಕೇಳಬೇಕಾ?" ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದರು. ಬೇಸರವೇ? ಕೋಲಾರದವರೆಗೂ ಕಂಡಕ್ಟರನ ಜೊತೆ ವಾದ ಮಾಡಿಕೊಂಡೇ ಬಂದರು!

ಊರು ಸೇರಿ ಕೆಲವು ವರ್ಷ ಕಳೆಯುವ ಹೊತ್ತಿಗೆ ಅತ್ತೆಗೆ ಕಣ್ಣು ಪೂರ್ತಿ ಮಂಜಾಗಿತ್ತು. ದಿನಾ ಊಟದ ಹೊತ್ತಿಗೆ ಮಾವ ಪಕ್ಕದಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಅತ್ತೆಗೆ ತೆಲುಗೇ ಹತ್ತಿರ, ಹಾಗಾಗಿ ಸುದ್ದಿಯನ್ನೆಲ್ಲ ತೆಲುಗಿಗೆ ತಿರುಗಿಸಿ ಹೇಳುತ್ತಿದ್ದರು. ಪತ್ರಿಕೆಯಲ್ಲಿ ಮಾವನ ಹೆಸರು ಬಂದು ಎಷ್ಟೋ ಕಾಲವಾಗಿತ್ತು. ಅದು ಅತ್ತೆಗೂ ಗೊತ್ತಿತ್ತು. ಒಮ್ಮೆ ನಾನು ಹೋಗಿದ್ದಾಗ ಅತ್ತೆ, ಊಟ ಸೇರದೆ ತಟ್ಟೆ ಪಕ್ಕಕ್ಕೆ ಸರಿಸಿ, "ನಮ್ಮ ಮಂತ್ರಿಗಳು ಇವತ್ತು ಏನಂದ್ರಂತೆ?" ಎಂದು ತೆಲುಗಿನಲ್ಲೇ ಕೇಳಿದರು.

ಮಾವ ಪುಟವನ್ನೇ ನೋಡುತ್ತ ಗಂಭೀರವಾಗಿ ಓದಿದರು: "ಹೆಂಡತಿಯರು ಇನ್ನೆರಡು ತುತ್ತು ಉಣ್ಣಬೇಕೆಂದು ಮಂತ್ರಿಗಳು ಕೈಮುಗಿದು ಬೇಡಿಕೊಂಡಿದ್ದಾರೆ."

ಅತ್ತೆ ನಕ್ಕು ಬಾಯಿ ತೆರೆದರು. ಮಾವ ಪತ್ರಿಕೆ ಕೆಳಗಿಟ್ಟು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿದರು.