ಬಿದ್ದ ನೀರುದೋಸೆಯನ್ನು ನೋಡದಿರುವ ವಿದ್ಯೆಯ ಕುರಿತು

ವಾಕಡದ ಬ್ಲೂ ಬ್ಲಡ್ ಎಟಿಕೆಟ್ ಅಕಾಡೆಮಿಯ ಸಂಸ್ಥಾಪಕಿಯೂ, ಲಂಡನ್ನಿನಲ್ಲಿ ಒಂದೂವರೆ ತಿಂಗಳಿದ್ದು ಇಡೀ ಇಂಗ್ಲೆಂಡನ್ನು ಪರ್ಸಿನಲ್ಲಿ ಹಾಕಿಕೊಂಡು ಬಂದವರೂ, ಪುಣೆಯ ಸಮಸ್ತ ಅನಾಗರಿಕರ ಪಾಲಿನ ಆಶಾಕಿರಣವೂ ಆದ ಮಾನ್ಯ ಪ್ರಾಚಿ ಮೇಡಂ ಅವರೇ,

ಖರಾಡಿಯ ಐಟಿ ಪಾರ್ಕಿನ ಎದುರು ಹೋಟೆಲು ನಡೆಸುವ ಮೋಹನದಾಸನ ಸವಿನಯ ವಂದನೆಗಳು. ನಿಂತು ವಂದಿಸಬೇಕೋ, ಕುಳಿತಲ್ಲೇ ತಲೆಯನ್ನು ತುಸು ಬಾಗಿಸಬೇಕೋ ಎಂಬ ಪಾಠ ನಡೆದ ದಿನ ಹಾಲಿನ ಗಾಡಿ ಬಾರದೆ ನಾನು ಹೋಟೆಲಿನಲ್ಲೇ ಉಳಿದಿದ್ದೆನಾದ್ದರಿಂದ ಈಗ ಎರಡನ್ನೂ ಮಾಡಿದ್ದೇನೆ. ತಮಗೆ ಸಲ್ಲುವುದನ್ನು ಇಟ್ಟುಕೊಂಡು ಇನ್ನೊಂದನ್ನು ಮರಳಿಸಬೇಕಾಗಿ ವಿನಂತಿ. ತಮಗೊಬ್ಬರಿಗೇ ಬರೆಯಬಹುದಾಗಿದ್ದನ್ನು ಹತ್ತು ಜನ ಓದುವಂತೆ ಬರೆಯುತ್ತಿರುವುದಕ್ಕೂ ಮನ್ನಿಸಬೇಕು. ತಮ್ಮ ಉಪಕಾರ ನಾಲ್ಕು ಗೋಡೆಗಳ ನಡುವೆ ಮುಚ್ಚಿಡುವಷ್ಟು ಚಿಕ್ಕದಲ್ಲ.

ಆ ಉಪಕಾರ ಏನೆಂದು ಓದುವವರಿಗೂ ತಿಳಿಯಬೇಕಲ್ಲ. ನನ್ನ ಮಗ ಅಶ್ವಿತ್ ಪುಣೆಯ ಹೊರಗಿನ ತಳೇಗಾಂವ ದಾಭಾಡೆಯ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನಡೆಸುತ್ತಾನೆ. ಆ ಕಾರ್ಖಾನೆಗೆ ಇಂಗ್ಲೆಂಡಿನಿಂದ ಇಂಜಿನಿಯರಾಗಿ ಬಂದ ಕೆಲ್ಲಿ ಎಂಬ ಹುಡುಗಿ, ಅಧಿಕಾರಿಗಳಿಗೆಂದು ಕಪ್ ಸಾಸರಿನಲ್ಲಿ ಕೊಡುವ ಚಹಾ ಬಿಟ್ಟು, ಲಾರಿ ಡ್ರೈವರುಗಳಿಗೆ ಗ್ಲಾಸಿನಲ್ಲಿ ಕೊಡುವ ಕಡಕ್ ಚಹಾವೇ ಬೇಕೆಂದು ದಿನಾ ಬಂದು ನಿಲ್ಲತೊಡಗಿದಳಂತೆ. ಅಲ್ಲಿಂದ ಶುರುವಾದದ್ದು ಮದುವೆಯವರೆಗೆ ಬಂತು. ನಮಗೂ ಹುಡುಗಿ ಹಿಡಿಸಿದಳು. ಅವಳ ತಂದೆ ಟೆರಿ ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನಲ್ಲಿ ಬಸ್ ಓಡಿಸುವವರು, ತಾಯಿ ಡೊನ್ನಾ ಶಾಲೆಯೊಂದರ ಊಟದ ಕೋಣೆಯಲ್ಲಿ ಕೆಲಸ ಮಾಡುವವರು. ಇಬ್ಬರೂ ಪುಣೆಗೆ ಬಂದು, ನಮ್ಮ ಮನೆಯಲ್ಲಿ ಊಟ ಮಾಡಿ, ಮದುವೆಯ ದಿನ ನಿಶ್ಚಯಿಸಿಕೊಂಡು ಹೋಗುವುದೆಂದು ಮಾತಾಯಿತು. ಬಿಳಿಯ ಬೀಗರು ಬರುತ್ತಾರೆಂದು ಕೇಳಿದ್ದೇ ನನ್ನ ಹೆಂಡತಿ ಉಮಾವತಿಗೆ ನಿದ್ದೆ ಹಾರಿತು, ನನಗೆ ತಮ್ಮ ಬೋರ್ಡು ಕಂಡಿತು.

ಬೀಗರು ಏನು ಕೆಲಸ ಮಾಡುವವರೆಂದು ನಾನು ತಮ್ಮಿಂದ ಮುಚ್ಚಿಡಲಿಲ್ಲ. ತಾವು ಅದನ್ನು ಕೇಳಿ ತೆಳ್ಳಗೆ ನಕ್ಕು, ಇಂಗ್ಲೆಂಡಿನಲ್ಲಿ ಬಸ್ ಓಡಿಸುವವನೂ ಹುಟ್ಟಾ ಸಾಹೇಬನೇ, ಮೇಜಿನ ಶಿಸ್ತು ಅವರಿಗೆ ರಕ್ತದಲ್ಲೇ ಬಂದಿರುತ್ತದೆ ಎಂದು ಅಪ್ಪಣೆ ಕೊಡಿಸಿದಿರಿ. ನಾನು ನಂಬಿದೆ. ನಮ್ಮ ಕರಾವಳಿಯ ಕಡೆ ಒಂದು ಹೆಣ್ಣು ನೋಡಲು ಹೋದರೆ ಯಾವ ಗುತ್ತಿನ ಮನೆತನದವರು, ಗೋತ್ರದಂತೆ ಯಾವ ಬಳಿಯವರು, ಅಜ್ಜನ ಕಾಲದಲ್ಲಿ ಗದ್ದೆ ಸ್ವಂತದ್ದೋ ಗೇಣಿಯದ್ದೋ ಎಂದು ಮೂರು ತಲೆಮಾರು ಜಾಲಾಡುವ ನನಗೆ, ಬಿಳಿ ಚರ್ಮ ಕಂಡಾಗ ಮಾತ್ರ ಇವರೆಲ್ಲ ಒಂದೇ ಜಾತಿ ಎಂದು ಯಾಕೆ ಅನಿಸಿತೋ ದೇವರೇ ಬಲ್ಲ. ಅಂತೂ ಮಗನಿಗೆ ಗೊತ್ತಾಗದಿರಲಿ, ಅವನಿಗೂ ಕೆಲ್ಲಿಗೂ ಆಶ್ಚರ್ಯವಾಗಲಿ ಎಂದು, ಸಂಜೆಯ ವಾಕಿಂಗಿನ ನೆಪ ಹೇಳಿ ಗಂಡಹೆಂಡಿರಿಬ್ಬರೂ ಊರಿನ ಈ ತುದಿಯಿಂದ ಆ ತುದಿಗೆ ಇಂಗ್ಲಿಷರಾಗಲು ಬರತೊಡಗಿದೆವು.

ತಮ್ಮ ಪಾಠಗಳನ್ನು ನೆನೆದರೆ ಈಗಲೂ ರೋಮಾಂಚನವಾಗುತ್ತದೆ. ಮಾತು ಸರಿಯಾಗಿ ಕೇಳಿಸದಿದ್ದಾಗ ಕ್ಷಮಿಸಿ ಎನ್ನುವವನು ಕೆಳಗಿನವನು, ಏನು ಎಂದು ಗದರಿಸಿದ ಹಾಗೆ ಕೇಳುವವನು ಮೇಲಿನವನು ಎಂದು ತಾವು ತಿಳಿಸಿದ ದಿನ, ನಮ್ಮ ಹೋಟೆಲಿನ ಒರಟು ಗಿರಾಕಿಗಳೆಲ್ಲ ರಾಜವಂಶದವರೆಂಬುದು ನನಗೆ ಮೊದಲ ಬಾರಿಗೆ ಹೊಳೆಯಿತು. ರಾತ್ರಿಯ ಊಟವನ್ನು ಯಾವ ಹೆಸರಿನಿಂದ ಕರೆಯುತ್ತಾನೆ ಎಂಬುದರ ಮೇಲೆ ಅಲ್ಲಿ ಮನುಷ್ಯನ ಕುಲ ತಿಳಿಯುವುದೆಂದೂ, ಚಹಾಕ್ಕೆ ಸಕ್ಕರೆ ಹಾಕಿಕೊಂಡವನು ಅಲ್ಲಿಗೇ ಕೆಟ್ಟನೆಂದೂ, ಬಟಾಣಿಯನ್ನು ಫೋರ್ಕಿನ ಹೊಟ್ಟೆಯಲ್ಲಿ ತುಂಬಿಕೊಳ್ಳದೆ ಅದರ ಬೆನ್ನಿನ ಮೇಲೆ ಹೊರಿಸಿ ಬಾಯಿಗೆ ಸೇರಿಸಬೇಕೆಂದೂ ತಾವು ಬೋಧಿಸಿದಿರಿ. ಇಷ್ಟು ವರ್ಷ ನಾನು ಊಟವೆಂದರೆ ಹಸಿವೆ ತೀರಿಸುವುದೆಂದೇ ತಿಳಿದಿದ್ದೆ. ಅದು ಪಕ್ಕದಲ್ಲಿ ಕುಳಿತವನನ್ನು ಅಳೆಯುವ ಕೋಲು ಎಂಬುದನ್ನು ತಿಳಿಸಿಕೊಟ್ಟ ಗುರು ತಾವು.

ಆದರೆ ತಮ್ಮ ವಿದ್ಯೆಯ ಕಳಶವೆಂದರೆ ಕೊನೆಯ ಪಾಠ. ದೊಡ್ಡ ಮನೆತನದ ಯಜಮಾನಿ ಬಡಿಸಿದ್ದನ್ನು ಹೊಗಳುವುದಿಲ್ಲ, ಎರಡನೆಯ ಸಲ ಬೇಕೇ ಎಂದು ಕೇಳುವುದಿಲ್ಲ, ಮೇಜಿನಲ್ಲಿ ಯಾರಿಂದಲಾದರೂ ಏನಾದರೂ ಎಡವಟ್ಟಾದರೆ ಅದು ಆಗಲೇ ಇಲ್ಲವೆಂಬಂತೆ ಹವೆಯ ವಿಷಯ ಎತ್ತಿ ಮಾತು ಮುಂದುವರಿಸುತ್ತಾಳೆ ಎಂದಿರಿ. ಉಮಾವತಿಯಂಥವಳಿಗೆ ಇದನ್ನು ಕಲಿಸಿದ್ದು ಸಾಮಾನ್ಯ ಸಾಧನೆಯಲ್ಲ. ಅವಳು ಬಡಿಸಲು ನಿಂತರೆ ಉಣ್ಣುವವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ದೋಸೆ ಇಳಿಯುತ್ತದೆ. ಇನ್ನೊಂದು, ಸಣ್ಣದು, ನನಗಾಗಿ ಎಂದು ಅವಳು ಒತ್ತಾಯಿಸದೆ ನಮ್ಮ ಮನೆಯಿಂದ ಎದ್ದು ಹೋದ ನೆಂಟರು ಅಲ್ಲಿಯವರೆಗೆ ಇರಲಿಲ್ಲ. ಆ ಬಾಯಿಗೆ ತಾವು ಬೀಗ ಹಾಕಿದಿರಿ, ಕೀಲಿಯನ್ನು ತಮ್ಮಲ್ಲೇ ಇಟ್ಟುಕೊಂಡಿರಿ.

ಬೀಗರು ಬಂದರು. ತಳೇಗಾಂವದಿಂದ ಹೊರಟ ಅಶ್ವಿತ್ ಮತ್ತು ಕೆಲ್ಲಿ ಎಂದಿನಂತೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ನಮಗಾಗಿ ಕಾಯಬೇಡಿ, ಊಟ ಶುರು ಮಾಡಿ ಎಂದು ಫೋನು ಮಾಡಿದ್ದರಿಂದ ಮೇಜಿಗೆ ಕುಳಿತವರು ನಾವು ನಾಲ್ವರೇ. ಟೆರಿಯವರ ಹೊಸ ಅಂಗಿಯಲ್ಲಿ ಅಂಗಡಿಯ ಮಡಿಕೆ ಇನ್ನೂ ಹಾಗೆಯೇ ಇತ್ತು. ಡೊನ್ನಾ ತಾನೇ ಬೇಯಿಸಿದ ಕೇಕನ್ನು ವಿಮಾನದಲ್ಲಿ ಉದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ತಮ್ಮ ಪಾಠದಂತೆ ಉಮಾವತಿ ಅದನ್ನು ತೆರೆಯದೆ, ಮೂಸದೆ, ಒಂದು ಸ್ತಿಮಿತದ ಥ್ಯಾಂಕ್ಯೂ ಹೇಳಿ ಪಕ್ಕದ ಸ್ಟೂಲಿನ ಮೇಲಿಟ್ಟಳು. ಟೆರಿಯವರು ಏನೋ ತಮಾಷೆ ಹೇಳಿ ತಾವೇ ದೊಡ್ಡದಾಗಿ ನಕ್ಕರು. ನಾನು ತಾವು ಕಲಿಸಿದ ಅರ್ಧ ನಗೆಯನ್ನಷ್ಟೇ ಕೊಟ್ಟೆ. ದಿನಕ್ಕೆ ಸಾವಿರ ಗ್ಲಾಸು ಕಡಕ್ ಚಹಾ ಮಾರುವ ನಾನು, ನನ್ನ ಬೀಗರಿಗೆ ಬಣ್ಣ ಮಾತ್ರ ಇರುವ ಸಪ್ಪೆ ನೀರನ್ನು ಬಸಿದು ಕೊಟ್ಟೆ. ಡೊನ್ನಾ ಸಕ್ಕರೆಗೆಂದು ಸುತ್ತ ಕಣ್ಣಾಡಿಸಿ, ಕಾಣದೆ, ಕೇಳಲೂ ನಾಚಿ, ಹಾಗೆಯೇ ಕುಡಿದರು.

ಆಮೇಲೆ ನೀರುದೋಸೆ ಬಂತು, ಕೋಳಿ ಗಸಿ ಬಂತು. ಕೈಯಲ್ಲಿ ಮುಟ್ಟಿದರೆ ಕರಗುವ ನೀರುದೋಸೆಯನ್ನು ಚಾಕುವಿನಿಂದ ಕತ್ತರಿಸಿ, ಫೋರ್ಕಿನ ಬೆನ್ನಿಗೆ ಏರಿಸುವ ನಮ್ಮ ಕಸರತ್ತನ್ನು ಡೊನ್ನಾ ನೋಡಿದರು, ತನ್ನ ಫೋರ್ಕನ್ನೂ ಹಾಗೆಯೇ ತಿರುಗಿಸಿ ಹಿಡಿದರು. ದೋಸೆ ಜಾರಿ ನೆಲಕ್ಕೆ ಬಿತ್ತು. ಅವರು ಕುರ್ಚಿ ಸರಿಸಿ, ಬಗ್ಗಿ, ಮೇಜಿನ ಕೆಳಗೆ ಕೈ ಚಾಚಿ ಅದನ್ನು ಎತ್ತತೊಡಗಿದರು. ಬೇರೆ ದಿನವಾಗಿದ್ದರೆ ಉಮಾವತಿ ಅಯ್ಯೋ ಬಿಡಿ ಎಂದು ನಕ್ಕು, ಬಿಸಿಯಾದ ಎರಡು ದೋಸೆ ಹಾಕಿ, ಅವರ ಕೈಯಿಂದ ಆ ಹಾಳು ಫೋರ್ಕನ್ನು ಕಿತ್ತು ಬಿಸಾಡುತ್ತಿದ್ದಳು. ತಮ್ಮ ಶಿಷ್ಯೆಯಾದ್ದರಿಂದ ಅವಳು ನೋಡಲಿಲ್ಲ. ನಾನೂ ನೋಡಲಿಲ್ಲ. ಒಬ್ಬ ಹೆಂಗಸು ನಮ್ಮ ಕಾಲ ಬಳಿ ಮಂಡಿಯೂರಿ ನೆಲ ಒರೆಸುತ್ತಿರುವಾಗ ನಾನು ಟೆರಿಯವರ ಮುಖವನ್ನೇ ನೋಡುತ್ತ, ಪುಣೆಯಲ್ಲಿ ಈ ವರ್ಷ ಸೆಕೆ ಸ್ವಲ್ಪ ಬೇಗ ಶುರುವಾಯಿತು ಎಂದೆ.

ಡೊನ್ನಾ ಎದ್ದು ಕುಳಿತು, ಫೋರ್ಕು ಕೆಳಗಿಟ್ಟು, ಹೊಟ್ಟೆ ತುಂಬಿತು ಎಂದರು. ಎರಡನೆಯ ಸಲ ಯಾರೂ ಕೇಳಲಿಲ್ಲ. ಮಕ್ಕಳು ಬಂದು ತಲುಪುವಷ್ಟರಲ್ಲಿ ಬೀಗರು ಹೊರಡಲು ಎದ್ದು ನಿಂತಿದ್ದರು. ಮದುವೆಯ ದಿನದ ಮಾತು ಯಾರ ಬಾಯಿಂದಲೂ ಬರಲಿಲ್ಲ. ಅವರು ಲಿಫ್ಟಿನಲ್ಲಿ ಇಳಿದು ಹೋದ ಮೇಲೂ ನಾನು ಮೂರ್ಖನಂತೆ, ತಪ್ಪಿಲ್ಲದೆ ಪಾರಾದೆವು ಎಂದು ಹಿಗ್ಗಿದೆ.

ಮರುದಿನ ಕೆಲ್ಲಿ ಒಬ್ಬಳೇ ಹೋಟೆಲಿಗೆ ಬಂದು, ಗಲ್ಲಾದ ಪಕ್ಕದ ಮೇಜಿನಲ್ಲಿ ಕುಳಿತು, ತನ್ನ ತಾಯಿ ಕೆಲಸ ಮಾಡುವುದು ಎಂಥ ಶಾಲೆಯಲ್ಲಿ ಎಂದು ಹೇಳಿದಳು. ಅದು ಭಾರೀ ಶ್ರೀಮಂತರ ಮಕ್ಕಳು ಅಲ್ಲೇ ಉಳಿದು ಓದುವ ಶಾಲೆಯಂತೆ. ಮೇಡಂ, ತಾವು ನಮಗೆ ಕಲಿಸಿದ ಅಷ್ಟೂ ವಿದ್ಯೆ ಆ ಮಕ್ಕಳಿಗೆ ಹಾಲು ಕುಡಿಯುವಾಗಲೇ ಬಂದಿರುತ್ತದೆ. ಅವರ ಕೈಯಿಂದ ಚಮಚ ಬೀಳುತ್ತದೆ, ಡೊನ್ನಾ ಬಗ್ಗಿ ಎತ್ತುತ್ತಾರೆ, ಎತ್ತುವವಳನ್ನು ಯಾರೂ ನೋಡುವುದಿಲ್ಲ, ಮಾತು ಹವೆಯ ಬಗ್ಗೆ ನಡೆದೇ ಇರುತ್ತದೆ. ಹರೆಯದಿಂದ ಇಂದಿನವರೆಗೆ ಅವರು ನೋಡುತ್ತ ಬಂದದ್ದು ಇದನ್ನೇ. ಸಾವಿರಾರು ಮೈಲಿ ದಾಟಿ ಮಗಳ ಅತ್ತೆಮನೆಗೆ ಬಂದರೆ, ಅಲ್ಲಿಯೂ ಅದೇ ಮೇಜು, ಅದೇ ಫೋರ್ಕು, ಅದೇ ಮುಖಗಳು. ತಿರುಗಿ ಹೋಗುವಾಗ ಟ್ಯಾಕ್ಸಿಯಲ್ಲಿ ಡೊನ್ನಾ ಮಗಳೊಡನೆ, ಹುಡುಗ ಒಳ್ಳೆಯವನೇ, ಆದರೆ ಅಂಥವರ ಮನೆಯಲ್ಲಿ ನಿನ್ನನ್ನು ಬಿಟ್ಟು ನಾನು ಹೇಗೆ ನಿದ್ದೆ ಮಾಡಲಿ ಎಂದು ಅತ್ತರಂತೆ. ಅಂಥವರು ಎಂದರೆ ನಾವು, ಮೇಡಂ, ದೋಸೆ ಹುಯ್ದು ಬದುಕುವವರು. ಕೇಳಿ ನನಗೆ ತಲೆ ಎತ್ತಲಾಗಲಿಲ್ಲ.

ಕೆಲ್ಲಿ ತನ್ನ ಕಥೆಯನ್ನೂ ಹೇಳಿದಳು. ಲಂಡನ್ನಿನ ಕೆಲಸದಲ್ಲಿ ಅವಳು ಬಾಯಿ ತೆರೆದರೆ ಸಾಕು, ಎದುರಿನವರ ಕಣ್ಣು ಅವಳ ಅಪ್ಪನ ಬಸ್ಸನ್ನು ಹುಡುಕುತ್ತಿತ್ತಂತೆ. ಮೀಟಿಂಗಿನಲ್ಲಿ ಒಬ್ಬ ದೊಡ್ಡ ಮನುಷ್ಯ ಅವಳ ಮಾತನ್ನು ಅವಳದೇ ರಾಗದಲ್ಲಿ ಹೇಳಿ ತೋರಿಸಿ ಎಲ್ಲರನ್ನೂ ನಗಿಸಿದನಂತೆ, ಅವಳೂ ನಗಬೇಕಾಯಿತಂತೆ. ನಮ್ಮಲ್ಲಿ ಯಾವ ಜನ ಎಂದು ಬಾಯಿಬಿಟ್ಟೇ ಕೇಳುವ ಒರಟುತನವಿದೆ. ಅಲ್ಲಿಯವರು ಸುಸಂಸ್ಕೃತರು, ಕೇಳುವುದೇ ಇಲ್ಲ, ಎರಡು ಮಾತಿನಲ್ಲಿ ಕುಲಗೋತ್ರ ತಿಳಿದುಕೊಂಡು ಸುಮ್ಮನೆ ಬಾಗಿಲು ಹಾಕುತ್ತಾರೆ. ಅವಳು ತಳೇಗಾಂವಕ್ಕೆ ಬಂದದ್ದೂ ಇದಕ್ಕೇ. ಇಲ್ಲಿ ಅವಳ ಮಾತು ಕೇಳಿ ಅಪ್ಪನ ಉದ್ಯೋಗ ಹೇಳುವವರಿಲ್ಲ, ಎಲ್ಲರಿಗೂ ಅವಳು ಬರೀ ಗೋರಿ ಮ್ಯಾಡಂ, ಬಿಳಿ ಮ್ಯಾಡಂ. ಅಷ್ಟು ದೂರ ಓಡಿಬಂದ ಹುಡುಗಿಯನ್ನು ಬಿಡದೆ, ಅವಳ ಹಿಂದೆಯೇ ಆ ಪಿಶಾಚಿಯನ್ನು ಕರೆತಂದು ನಮ್ಮ ಊಟದ ಮೇಜಿನಲ್ಲಿ ಕೂರಿಸಿದ ಕೀರ್ತಿ ತಮ್ಮದು. ಇಂಗ್ಲಿಷರು ಗಂಟುಮೂಟೆ ಕಟ್ಟುವಾಗ ಮರೆತು ಬಿಟ್ಟುಹೋದ ಕಸವನ್ನು ಗುಡಿಸಿ, ಬಣ್ಣದ ಕಾಗದ ಸುತ್ತಿ ಮಾರುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪವೇ. ತಾವು ಕಲಿಸಿದ್ದನ್ನೆಲ್ಲ ದಯವಿಟ್ಟು ಹಿಂದಕ್ಕೆ ಪಡೆದು, ನಮ್ಮಿಂದ ತೆಗೆದುಕೊಂಡ ಒರಟುತನವನ್ನು ಇದ್ದ ಹಾಗೆಯೇ, ಗೀರಿಲ್ಲದೆ, ಮರಳಿಸಬೇಕು. ನನ್ನ ಹೆಂಡತಿಯ ಒತ್ತಾಯ ತಮ್ಮ ಕಪಾಟಿನಲ್ಲಿ ಎಲ್ಲಾದರೂ ಉಳಿದಿದ್ದರೆ ಮೊದಲು ಅದನ್ನು ಕಳುಹಿಸಿಕೊಡಿ, ಆ ದಿನದಿಂದ ಅವಳು ನನಗೂ ಎರಡನೆಯ ದೋಸೆ ಹಾಕುತ್ತಿಲ್ಲ. ಸಾಧ್ಯವಾದರೆ ತಾವೇ ಡೊನ್ನಾ ಅವರ ಶಾಲೆಗೆ ಹೋಗಿ, ಅಲ್ಲಿಯ ಮಕ್ಕಳಿಗೆ ಚಮಚ ಎತ್ತಿಕೊಟ್ಟವರ ಮುಖ ನೋಡುವುದು ಹೇಗೆಂದು ಒಂದು ವಾರದ ಶಿಬಿರ ನಡೆಸಬೇಕು. ಅದು ತಮಗೆ ಬಾರದ ವಿದ್ಯೆಯಾದರೆ, ವಾಕಡದಲ್ಲೇ ಮನೆಗೆಲಸಕ್ಕೆ ಬರುವ ಯಾವ ಹೆಂಗಸಿನ ಎದುರಾದರೂ ಅಭ್ಯಾಸ ಮಾಡಿಕೊಳ್ಳಬಹುದು.

ಮದುವೆ ನಿಂತಿಲ್ಲ. ಬೀಗರು ಊರಿಗೆ ಮರಳಿದ್ದಾರೆ, ಮಕ್ಕಳು ಹಟ ಬಿಟ್ಟಿಲ್ಲ, ದೀಪಾವಳಿ ಕಳೆದ ಮೇಲೆ ಎಂದು ಅವರಿಬ್ಬರೇ ನಿಶ್ಚಯಿಸಿಕೊಂಡಿದ್ದಾರೆ. ಮೊನ್ನೆ ಡೊನ್ನಾ ಫೋನಿನಲ್ಲಿ ಮಗಳ ಮೂಲಕ ಒಂದು ಮಾತು ಹೇಳಿ ಕಳುಹಿಸಿದರು. ಮದುವೆಗೆ ಖಂಡಿತ ಬರುತ್ತಾರಂತೆ. ಆದರೆ ಊಟದ ಹೊತ್ತಿಗೆ ಎಲ್ಲರ ಜೊತೆ ಮೇಜಿಗೆ ಕೂರಲೇಬೇಕೇ, ಅಡುಗೆಮನೆಯಲ್ಲಿ ಜನ ಕಡಿಮೆಯಿದ್ದರೆ ತಾನು ಪಾತ್ರೆ ತೊಳೆಯಲು ನಿಲ್ಲಬಹುದು, ಅಲ್ಲಿ ತನಗೆ ಮುಜುಗರವಾಗುವುದಿಲ್ಲ ಎಂದು ಕೇಳಿದ್ದಾರೆ. ಕೆಲ್ಲಿ ಇದನ್ನು ಹೇಳುವಾಗ ಉಮಾವತಿ ದೋಸೆಯ ಹಿಟ್ಟು ಕಲಸುತ್ತಿದ್ದಳು. ಕೈ ತೊಳೆಯದೆ ಹಾಗೆಯೇ ನೆಲಕ್ಕೆ ಕುಳಿತು, ನನ್ನ ಮುಖ ನೋಡಿ ಒಂದೇ ಮಾತು ಹೇಳಿದಳು: "ಹುಡುಗಿಯ ಅಮ್ಮ ನಮ್ಮ ಮನೆಯಿಂದ ಹಸಿದು ಹೋದರು ಮಾರಾಯ್ರೆ, ನಾನು ನೋಡಿಯೂ ನೋಡದ ಹಾಗೆ ಕೂತೆ."

ಮದುಮಗಳ ತಾಯಿ ಕೇಳಿದ್ದಕ್ಕೆ ನಾವಿನ್ನೂ ಉತ್ತರ ಕೊಟ್ಟಿಲ್ಲ. ತಮ್ಮ ಪಠ್ಯದಲ್ಲಿ ಇಂಥ ಪ್ರಶ್ನೆಗೆ ಎಷ್ಟು ತಲೆ ಬಾಗಿಸಬೇಕೆಂದು ಬರೆದಿದ್ದರೆ ದಯವಿಟ್ಟು ತಿಳಿಸಿ.

ಉಣ್ಣಲು ಬಂದವರನ್ನು ಹಸಿದು ಕಳುಹಿಸಿದ ಹೋಟೆಲಿನವನು,
ತಮ್ಮ ವಿಶ್ವಾಸಿ,
ಮೋಹನದಾಸ್
ಖರಾಡಿ, ಪುಣೆ

ಮರೆತ ಮಾತು: ತಮ್ಮ ಅಕಾಡೆಮಿಯ ಜಾಹೀರಾತಿನ ವೀಡಿಯೋವನ್ನು ಕೆಲ್ಲಿಗೆ ತೋರಿಸಿದೆ. ತಮ್ಮ ಇಂಗ್ಲಿಷು ಬಲು ಸೊಗಸಾಗಿದೆಯಂತೆ, ಅವಳ ಮುತ್ತಜ್ಜಿ ಯಾರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರೋ ಅವರು ಹೀಗೆಯೇ ಮಾತಾಡುತ್ತಿದ್ದರಂತೆ. ಆದರೆ ಈಗ ಆ ಫ್ಯಾಷನ್ ಹೋಗಿ, ಸಿರಿವಂತರ ಮಕ್ಕಳೇ ಸಿರಿವಂತಿಕೆ ಕಾಣದಿರಲೆಂದು ಬಸ್ ಡ್ರೈವರನ ಮಕ್ಕಳ ಹಾಗೆ ಮಾತಾಡಲು ಹೆಣಗುತ್ತಿದ್ದಾರಂತೆ. ತಾವು ಹೊಸ ಬ್ಯಾಚು ತೆರೆಯುವುದಾದರೆ ಟೆರಿಯವರನ್ನು ಕೇಳಿ ನೋಡುತ್ತೇನೆ. ಕಲಿಸುವಷ್ಟು ತಾಳ್ಮೆ ಅವರಿಗಿದೆ, ತಮಗೆ ಮಾತ್ರ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾದೀತು.