ಮಾವನ ಉದ್ದ ಲೆನ್ಸು

ಅಕ್ಕಿಮೂಟೆಗೆ ಪೇಟ ಸುತ್ತಿ, "ಸ್ವಲ್ಪ ನಗ್ರೀ" ಎಂದು ಬೇಡಿಕೊಂಡ ಮನುಷ್ಯ ಹರಿಹರದಲ್ಲಿ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬರೇ! ಇನ್ನೊಬ್ಬರಿದ್ದರೆ ಹೇಳಿ, ಹೋಗಿ ಕೈಮುಗಿದು ಬರುತ್ತೇನೆ.

ಮಾವ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಅರವತ್ತರ ದಶಕದ ಶುರುವಿನಲ್ಲಿ, ಮಿಲಿಟರಿಯಿಂದ ಮರಳಿದ ಯಾರೋ ಮಾರಿದ ಜರ್ಮನ್ ಕ್ಯಾಮೆರಾ ಅವರ ಕೈಸೇರಿತು. ಕ್ಯಾಮೆರಾ ಏನೋ ಬಂತು, ಅದಕ್ಕೆ ಲೆನ್ಸೇ ಇರಲಿಲ್ಲ! ಆ ಕಣ್ಣಿಲ್ಲದ ಡಬ್ಬಿಯನ್ನು ಕೊರಳಿಗೆ ಹಾಕಿಕೊಂಡೇ ಮಾವ ಊರೆಲ್ಲ ಓಡಾಡಿದರು. ಕೇಳಿದರೆ, "ಮೊದ್ಲು ಕೊರಳಿಗೆ ರೂಢಿ ಆಗ್ಲಿ" ಎನ್ನುತ್ತಿದ್ದರು.

ಇಷ್ಟೆಲ್ಲ ಯಾರಿಗಾಗಿ? ಅತ್ತೆಗಾಗಿ. ಅತ್ತೆಯ ಮುಖದ ತುಂಬ ಸಿಡುಬಿನ ಕಲೆ. ಕ್ಯಾಮೆರಾ ಕಂಡರೆ ಸಾಕು, ಸೆರಗು ಮೂಗಿಗೆ ಬರುತ್ತಿತ್ತು. ಮದುವೆಯ ಫೋಟೋದಲ್ಲೂ ಬಾಸಿಂಗ ಕಾಣುತ್ತದೆ, ಅತ್ತೆ ಕಾಣುವುದಿಲ್ಲ.

"ಒಂದೇ ಒಂದು ಫೋಟೋ ಕಣೇ" ಎಂದು ಮಾವ.

"ಈ ಮುಖ ಗ್ವಾಡಿಗೆ ಬ್ಯಾರೆ ಬೇಕೇನ್ರಿ?" ಎಂದು ಅತ್ತೆ.

ಯಾವ ಲೆನ್ಸು ಕೊಳ್ಳುವುದೆಂಬ ಪರೀಕ್ಷೆ ಗಿರಣಿಯಲ್ಲೇ ನಡೆಯಿತು. ಮಾವ ಅಕ್ಕಿಮೂಟೆಗಳನ್ನು ನಮ್ಮ ಸಂಸಾರದಂತೆ ಸಾಲಾಗಿ ನಿಲ್ಲಿಸಿದರು. ಗಿಡ್ಡ ಮೂಟೆ ನಮ್ಮಜ್ಜಿ, ಪೇಟದ್ದು ನಮ್ಮಪ್ಪ, ಬಾಯಿ ಬಿಚ್ಚಿದ್ದು ನಾನಂತೆ! ಪೇಪರು ಸುರುಳಿ ಸುತ್ತಿ ಒಕ್ಕಣ್ಣಿನಿಂದ ನೋಡುತ್ತ, ಹಿಂದೆ ಮುಂದೆ ಸರಿಯುತ್ತ ನಗಿಸಲು ಹೊರಟರು. ಹಮಾಲರು ಸಾಹುಕಾರರ ಬಳಿ ಓಡಿದರು: "ಗುಮಾಸ್ತ್ರಿಗೆ ಏನೋ ಬಡದೈತ್ರಿ, ಸಾವ್ಕಾರ್ರೇ!"

ಆಮೇಲೆ ದಾವಣಗೆರೆಯಲ್ಲಿ ಕಾಲೇಜು ಓದುತ್ತಿದ್ದ ನನ್ನನ್ನೂ ಎಳೆದುಕೊಂಡು ಅಲ್ಲಿಯ ಫೋಟೋ ಸ್ಟುಡಿಯೋಕ್ಕೆ ನಡೆದರು. ಸ್ಟುಡಿಯೋದವರು ಪಾಪ, ಬುದ್ಧಿ ಹೇಳಿದರು. "ಹೊಸಬ್ರು, ಮನೀ ಮಂದಿನ್ನ ತೆಗೆಯೋರು ಐವತ್ತು ಎಂ.ಎಂ. ಲೆನ್ಸು ತಗೊಳ್ರಿ. ಈ ನೂರಾ ಮೂವತ್ತೈದು ಭಾಳ ಉದ್ದ ಆತು. ಎಲ್ರನ್ನೂ ಹಿಡಿಸ್ಬೇಕಂದ್ರ ನೀವು ಬೀದಿಗಿಳೀಬೇಕು!"

"ದೂರದಾಗ ನಿಂತ್ರೂ ಮುಖ ಹತ್ರ ಕಾಣ್ತೈತೋ ಇಲ್ಲೋ?"

"ಕಾಣ್ತೈತ್ರಿ, ಆದ್ರ..."

"ಆದ್ರ ಗೀದ್ರ ಬ್ಯಾಡ. ಅದನ್ನ ಕೊಡ್ರಿ."

ದೂರದಿಂದ ತೆಗೆದರೆ ಅತ್ತೆಗೆ ಗೊತ್ತೇ ಆಗುವುದಿಲ್ಲವಂತೆ. ಎಂಥ ತಲೆ ನೋಡಿ!

ದೀಪಾವಳಿಗೆ ಮನೆಮಂದಿಯೆಲ್ಲ ಸೇರಿದೆವು. ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿ ಮಾವ ಹಿಂದೆ ಸರಿದರು. ಅಂಗಳ ಮುಗಿಯಿತು, ಅಜ್ಜಿ ಹಿಡಿಸಲಿಲ್ಲ. ಬೀದಿಗಿಳಿದರು, ಅಪ್ಪ ಹಿಡಿಸಲಿಲ್ಲ. ನಡುವೆ ಒಂದು ಎತ್ತಿನಗಾಡಿಯೂ ಹಾದುಹೋಯಿತು.

"ಫೋಟೋ ತೆಗೀತೀಯೋ, ಮಲೆಬೆನ್ನೂರಿಗೆ ಹೊಂಟೀಯೋ?" ಅಜ್ಜಿ ಕೂಗಿದರು.

ಮಾವ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಇನ್ನೂ ಒಂದು ಹೆಜ್ಜೆ ಹಿಂದಿಟ್ಟರು. ಎದುರು ಮನೆಯ ಎಮ್ಮೆಗಿಟ್ಟಿದ್ದ ಕಲಗಚ್ಚಿನ ಬಾನಿಯೊಳಗೆ ದೊಪ್ಪೆಂದು ಕೂತರು! ಎರಡೂ ಕೈಯಲ್ಲಿ ಕ್ಯಾಮೆರಾ ಮಾತ್ರ ಮೇಲೆ.

ಬಾಗಿಲ ಮರೆಯಲ್ಲಿದ್ದ ಅತ್ತೆ ಹೊರಗೋಡಿ ಬಂದರು. ಗಂಡನಿಗೆ ಪೆಟ್ಟಾಗಿಲ್ಲವೆಂದು ಕಂಡಿದ್ದೇ ತಡ, ಹೊಟ್ಟೆ ಹಿಡಿದು ನಕ್ಕರು. ಮುಖದಿಂದ ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. ಮಾವ ಬಾನಿಯಲ್ಲಿ ಕೂತೇ ಕ್ಲಿಕ್ ಎನಿಸಿದರು.

ಸ್ಟುಡಿಯೋದವರು ತೊಳೆದ ಫೋಟೋದಲ್ಲಿ ನಾವ್ಯಾರೂ ಇಲ್ಲ. ಅತ್ತೆಯ ನಗುಮುಖ ಒಂದೇ. "ಕಲೆ ಅಳಿಸಿ ನುಣ್ಣಗ ಮಾಡಿಕೊಡ್ಲೇನ್ರಿ?" ಎಂದು ಅವರು ಕೇಳಿದಾಗ ಮಾವನಿಗೆ ಸಿಟ್ಟೇ ಬಂತು. "ಬ್ಯಾಡ್ರಿ! ನಾ ದಿನಾ ನೋಡೋ ಮುಖ ಅದು. ಅಳಿಸಿದ್ರ ಅದು ಯಾರ್ದೋ ಆಗ್ತೈತೆ."

ಮನೆಗೆ ಬಂದು ಫೋಟೋವನ್ನು ಅತ್ತೆಯ ಕೈಗಿಟ್ಟು, "ನಿನ್ನ ಕೇಳದೇ ತಗದೀನಿ. ಬ್ಯಾಡಂದ್ರ ಹರಿದು ಹಾಕು" ಎಂದವರು ಅಪರಾಧಿಯಂತೆ ನಿಂತರು. ಅತ್ತೆ ಬಹಳ ಹೊತ್ತು ನೋಡಿದರು.

"ನಾ ನಕ್ಕರ ಹಿಂಗ ಕಾಣ್ತೀನೇನ್ರಿ?"

"ಮದುವೆ ಆದಾಗಿಂದ ಹಿಂಗ ಕಾಣ್ತೀ."

ಅತ್ತೆಯ ಕಣ್ಣು ತುಂಬಿತು. ಸೆರಗಿನ ತುದಿಯಿಂದ ಒರೆಸಿಕೊಂಡು, ಸೆರಗನ್ನು ಮೂಗಿಗೆಳೆಯದೆ ಹಾಗೇ ಕೆಳಗೆ ಬಿಟ್ಟರು. ಅಂಗಳಕ್ಕೆ ಬಂದು ಬಿಸಿಲಿಗೆ ಮುಖವೊಡ್ಡಿ ನಿಂತು ಹೇಳಿದರು:

"ಇನ್ನೊಂದು ತಗೀರಿ. ಆದ್ರ ಹತ್ರ ಬರ್ರಿ, ಮತ್ತ ಬಾನ್ಯಾಗ ಬಿದ್ದೀರಿ!"