ಜಮಖಾನದ ಮೇಲೊಂದು ಹನಿ

ಒಂದೇ ಒಂದು ಹನಿ. ಬಷೀರ್ ಅಹಮದರ ಗಡ್ಡದ ತುದಿಯಿಂದ ಜಾರಿದ ಕಪ್ಪು ಡೈ ನೆಲಕ್ಕೆ ಬಿದ್ದಿದ್ದರೆ ಕತೆಯೇ ಇರುತ್ತಿರಲಿಲ್ಲ. ಬಿದ್ದದ್ದು ಜಮಖಾನದ ನಟ್ಟನಡುವೆ.

ಕೆನೆಬಣ್ಣದ, ಕೆಂಪು ಅಂಚಿನ ಆ ಜಮಖಾನ ಹೆಂಡತಿ ಕರೀಮುನ್ನೀಸಾ ತವರಿನಿಂದ ತಂದದ್ದು. ವರ್ಷವೆಲ್ಲ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿ, ಮದುವೆಯಾದ ದಿನ ಮಾತ್ರ ನಡುಮನೆಗೆ ಬರುತ್ತಿತ್ತು. ಆ ದಿನ ಇವತ್ತೇ. ಬೆಳಿಗ್ಗೆ ಅದನ್ನು ಹಾಸಿ, "ಇದರ ಮೇಲೆ ನೊಣ ಕೂರೋಕೂ ಬಿಡ್ಬೇಡಿ" ಎಂದು ಹೇಳಿ ಆಕೆ ಗುಂಡ್ಲುಪೇಟೆಗೆ, ಅಕ್ಕನ ಮನೆಗೆ ಹೋಗಿದ್ದಳು. ಸಂಜೆ ಬರುವಷ್ಟರಲ್ಲಿ ಮದುಮಗನ ಹಾಗೆ ಕಾಣಬೇಕೆಂದು ಬಷೀರರು ಡೈ ಕಲಸಿದ್ದರು.

ಕಿಟಕಿಯಲ್ಲಿ ಪಕ್ಕದ ಮನೆಯ ನಾಗಲಕ್ಷ್ಮಿಯ ಮುಖ ಮೂಡಿತು. "ಅಯ್ಯೋ ಬಷೀರಣ್ಣ, ಏನ್ ಮಾಡ್ಬುಟ್ರಿ! ನಿಂಬೆಹಣ್ಣು ಉಜ್ಜಿ, ಓಯ್ತದೆ."

ಉಜ್ಜಿದರು. ಕಾಸಿನಗಲದ ಕಲೆ ದೋಸೆಯಗಲವಾಯಿತು.

ಎದುರು ಮನೆಯ ದೊಡ್ಡಮಲ್ಲಮ್ಮ ಮೊಸರಿನ ಪಾತ್ರೆ ಹಿಡಿದು ಬಂದರು. "ನನ್ ಮಗನ ಪಂಚೆ ಮ್ಯಾಲಿನ ಶಾಯಿ ಇದ್ರಲ್ಲೇ ಓಗಿದ್ದು ಕಣಪ್ಪ."

ನಡುಮನೆ ಹುಳಿಹುಳಿ ನಾರತೊಡಗಿತು. ಕಲೆ ಮಾತ್ರ ಮಾವನ ಮನೆಯಲ್ಲಿ ಕಾಲು ಚಾಚಿದ ಅಳಿಯನಂತೆ ಅಲ್ಲೇ ಇತ್ತು.

ಕೊನೆಗೆ ದೊಡ್ಡಮಲ್ಲಮ್ಮನ ತಮ್ಮ ಪುಟ್ಟಮಾದಯ್ಯ ನೀರಿನ ತೊಟ್ಟಿಗೆ ಹಾಕಿ ಮಿಕ್ಕಿದ್ದ ಬ್ಲೀಚಿಂಗ್ ಪುಡಿ ತಂದ. "ಇದ್ಕೆ ಎದರದ ಕಲೆ ಉಂಟಾ? ಜಾಗ ಬುಡಿ."

ಕೈ ಸೋಲುವವರೆಗೆ ತಿಕ್ಕಿದ. ಆಗ, ಅಷ್ಟರಲ್ಲಿ ಒಳಗೇ ಬಂದಿದ್ದ ನಾಗಲಕ್ಷ್ಮಿಯ ಕಣ್ಣು ಮೂಲೆಗೆ ಹೋಯಿತು. "ಇಲ್ಲೊಂದು ಐತಲ್ಲ, ಕಂದು ಕಲೆ!"

"ಅದು ಯಾವ ಕಾಲದ್ದೋ," ಎಂದರು ಬಷೀರರು.

"ಅದ್ನೂ ತೆಗ್ದುಬುಡನ. ಕರೀಮಕ್ಕ ಆ ಖುಸೀಲಿ ಇದ್ನ ಮರ್ತುಬುಡ್ತಾರೆ."

ಎಲ್ಲರೂ ಮೂಲೆಗೆ ಮುಗಿಬಿದ್ದರು. ಪವಾಡ! ಆ ಜಾಗ ಮಲ್ಲಿಗೆಯ ಹಾಗೆ ಬೆಳ್ಳಗಾಯಿತು. ನಡುವಿನ ಕಪ್ಪು ಕದಲಲಿಲ್ಲ.

ಸಂಜೆ ಕರೀಮುನ್ನೀಸಾ ಬಂದಾಗ ಬಷೀರರು ಕಲೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಆಕೆ ಅವರ ಗಡ್ಡವನ್ನೂ ನೋಡಲಿಲ್ಲ. ಚಪ್ಪಲಿ ಬಿಟ್ಟು ನೇರ ಮೂಲೆಗೆ ಹೋಗಿ ಕಾಲೆತ್ತಿದವಳು ಹಾಗೇ ನಿಂತಳು.

"ರೀ, ನನ್ನ ಹೆಜ್ಜೆ ಎಲ್ಲಿ?"

ಬಷೀರರಿಗೆ ಆಗ ನೆನಪಾಯಿತು. ಮೆಹಂದಿಯ ದಿನ, ಮದುಮಗ ಹುಡುಗಿಯ ಮುಖ ನೋಡಬಾರದೆಂದು ಹಿರಿಯರು ಕಾವಲಿದ್ದಾಗ, ಗುಂಡ್ಲುಪೇಟೆಯ ಅವಳ ತವರುಮನೆಯ ಕಿಟಕಿ ತಟ್ಟಿದ್ದವರು ಅವರೇ. ಹುಡುಗಿ ಹಸಿ ಮೆಹಂದಿಯ ಕಾಲಲ್ಲೇ ಓಡಿ ಬಂದಿದ್ದಳು. ಜಮಖಾನದ ಮೂಲೆಯಲ್ಲಿ ಒಂದು ಹೆಜ್ಜೆ ಉಳಿದುಬಿಟ್ಟಿತ್ತು. ಪ್ರತಿ ವರ್ಷ ಈ ದಿನ ಆಕೆ ಅದರ ಮೇಲೆ ಕಾಲಿಟ್ಟು ನೋಡುತ್ತಿದ್ದಳು. ಆಗೆಲ್ಲ ಬಷೀರರು ಪೇಪರು ಓದುತ್ತಿದ್ದರು.

ಎದ್ದವರೇ ಅಂಗಡಿಗೆ ಓಡಿ ಮೆಹಂದಿ ಕೋನ್ ತಂದರು. ತಾವೇ ಕೆಳಗೆ ಕೂತು ಹೆಂಡತಿಯ ಅಂಗಾಲಿಗೆ ಹಚ್ಚಿದರು. ಆಕೆ ಮುಖ ತಿರುಗಿಸಿಕೊಂಡೇ ಆ ಮೂಲೆಯಲ್ಲಿ ಕಾಲೂರಿದಳು. ಒಣಗಿತು. ಕಾಲೆತ್ತಿದರೆ ಮೆಹಂದಿ ಪುಡಿಪುಡಿಯಾಗಿ ಉದುರಿತು. ಅಡಿಯಲ್ಲಿ ಬಣ್ಣವೇ ಇಲ್ಲ.

"ಬೇಡದ್ದು ಕಚ್ಚಿಕೊಂಡಿದೆ, ಬೇಕಾದ್ದು ಹತ್ತಲ್ಲ," ಎಂದಳು ಕರೀಮುನ್ನೀಸಾ. "ಕೂತಿದ್ದೀರಲ್ಲ, ಹೋಗಿ ಕೇಳ್ಕೊಂಡು ಬನ್ನಿ!"

ಬಷೀರರು ಕಾಂಪೌಂಡಿನ ಬಳಿ ನಿಂತು ಗಂಟಲು ಸರಿಮಾಡಿಕೊಂಡರು. "ನಾಗಲಕ್ಷ್ಮಮ್ಮ, ಕಲೆ ಹೋಗ್ದೇ ಇರೋಕೆ ಏನ್ ಹಚ್ಬೇಕಮ್ಮಾ?"

"ಅದೇನ್ ಮಹಾ, ಬಷೀರಣ್ಣ! ನಿಂಬೆಹಣ್ಣು ಹಚ್ಚಿ. ಜಪ್ಪಯ್ಯ ಅಂದ್ರೂ ಓಗಲ್ಲ!"